ಆಗದೇ ಉಳಿದ ನೇಮಕದ ಸುದ್ದಿ ಬರೆಯುವುದು ಹೇಗೆ?

ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು. ಬಸ್ಸು ಮಗುಚಿದರೂ ಸೈ, ಮಂತ್ರಿ ಬಂದರೂ ಸೈ, ಈ ಆರಕ್ಕೆ ಉತ್ತರ ಸಿಕ್ಕರೆ ಸುದ್ದಿಯಾಯಿತು. ಏನೂ ಆಗದೇ ಇದ್ದರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿಕೊಡಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಮಗೆ ಅತಿ ಹೆಚ್ಚು ಎದುರಾದದ್ದು ಈ 'ಏನೂ ಆಗದೇ ಇರುವುದೇ'. ಅದರಲ್ಲೂ ಕೋರ್ಟಿನ ಅಂಗಳದಲ್ಲಿ.

ಹೈಕೋರ್ಟಿನ ನ್ಯಾಯಮೂರ್ತಿ ಹುದ್ದೆಗಳು ಖಾಲಿ ಇರುವುದರಿಂದ ನಮ್ಮ ಮೂರು ತಾಲೂಕಿನ ಜನಕ್ಕೆ ಏನಾಗುತ್ತಿದೆ ಎಂದು ಒಮ್ಮೆ ಒಂದು ವರದಿ ಬರೆದು ಕೊಟ್ಟೆವು. ಡೆಸ್ಕಿನಲ್ಲಿದ್ದವರು ಓದಿ, "ಇದರಲ್ಲಿ ಸುದ್ದಿ ಎಲ್ಲಿದೆ? ಇವತ್ತು ಏನಾಗಿದೆ?" ಎಂದು ಕೇಳಿದರು. ಇವತ್ತು ಏನೂ ಆಗಿರಲಿಲ್ಲ. ನಿನ್ನೆಯೂ ಆಗಿರಲಿಲ್ಲ. ಅದೇ ಸುದ್ದಿ ಅಂತ ನಾವು ಹೇಳಿದ್ದು ಅವರಿಗೆ ತಮಾಷೆಯಾಗಿ ಕೇಳಿರಬೇಕು. ಆ ಜಾಗದಲ್ಲಿ ಅಡಿಕೆ ಕೊಳೆರೋಗದ ಫೋಟೋ ಬಂತು. ಅದೂ ಬೇಕಾದದ್ದೇ ಬಿಡಿ.

ಹೊರಗಿನವರಿಗಾಗಿ ಸ್ವಲ್ಪ ಭೂಗೋಳ ಹೇಳಬೇಕು. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ನಮ್ಮ ಅಜ್ಜಂದಿರ ಅಪೀಲು ಮುಂಬಯಿಗೆ ಹೋಗುತ್ತಿತ್ತು. ರಾಜ್ಯ ಒಂದಾದ ಮೇಲೆ ಬೆಂಗಳೂರು, ಶಿರಸಿಯಿಂದ ಹೆಚ್ಚುಕಡಿಮೆ 400 ಕಿ.ಮೀ. ಉತ್ತರ ಕರ್ನಾಟಕದ ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರ ಜುಲೈನಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಶುರುವಾಯಿತು, 2013ರ ಆಗಸ್ಟ್‌ನಲ್ಲಿ ಅದು ಕಾಯಂ ಆಯಿತು. ಉತ್ತರ ಕನ್ನಡ ಅದರ ವ್ಯಾಪ್ತಿಗೆ ಸೇರಿತು. ಈಗ ಬೆಳಿಗ್ಗೆಯ ಮೊದಲ ಬಸ್ಸು ಹಿಡಿದರೆ ಧಾರವಾಡದಾಚೆ ಹೆದ್ದಾರಿ ಪಕ್ಕದ ಬೇಲೂರಿನಲ್ಲಿರುವ ಆ ದೊಡ್ಡ ಕಟ್ಟಡವನ್ನು ಕಲಾಪದ ಹೊತ್ತಿಗೆ ಮುಟ್ಟಬಹುದು. ಕಟ್ಟಡ ಬಂತು, ದಾರಿ ಹತ್ತಿರವಾಯಿತು. ಒಳಗಿನ ಪೀಠಗಳಲ್ಲಿ ಕೂರುವವರ ಸಂಖ್ಯೆ ಮಾತ್ರ ಇಲ್ಲಿಯವರ ಕೈಯಲ್ಲಿ ಇಲ್ಲ, ಧಾರವಾಡದವರ ಕೈಯಲ್ಲೂ ಇಲ್ಲ.

ಕರ್ನಾಟಕ ಹೈಕೋರ್ಟಿಗೆ ಮಂಜೂರಾದ ನ್ಯಾಯಮೂರ್ತಿ ಹುದ್ದೆ 62. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆಗೆ ಸೇರಿ ಇಷ್ಟು. 2018ರ ಆರಂಭದಲ್ಲಿ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಇದ್ದವು. ಆ ಫೆಬ್ರವರಿಯಲ್ಲಿ ಬೆಂಗಳೂರಿನ ವಕೀಲರು ಸರದಿ ಉಪವಾಸ ಕೂತರು. ನ್ಯಾಯಾಧೀಶರನ್ನು ಕೊಡಿ ಎಂದು ವಕೀಲರೇ ಊಟ ಬಿಟ್ಟು ಕೂರಬೇಕಾದ ದೇಶ ನಮ್ಮದು. ಅದಕ್ಕೆ ಎರಡು ವರ್ಷ ಮೊದಲು, 2016ರ ಏಪ್ರಿಲ್ 24ರಂದು, ಆಗಿನ ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಪ್ರಧಾನಿಯ ಎದುರೇ ಇದೇ ವಿಷಯ ಹೇಳುತ್ತ ಕಣ್ಣೀರು ಹಾಕಿದ್ದರು. ಅದು ಸುದ್ದಿಯಾಯಿತು, ಅತ್ತದ್ದರಿಂದ.

ನೇಮಕ ಆಗುವ ದಾರಿ ಹೀಗಿದೆ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯರು ಕೂತು ಹೆಸರು ಆರಿಸುತ್ತಾರೆ. ಅದು ಮುಖ್ಯಮಂತ್ರಿ, ರಾಜ್ಯಪಾಲರ ಅಭಿಪ್ರಾಯ ಪಡೆದು ದಿಲ್ಲಿಯ ಕಾನೂನು ಸಚಿವಾಲಯಕ್ಕೆ ಹೋಗುತ್ತದೆ. ಗುಪ್ತಚರ ವಿಭಾಗದ ವರದಿ ಸೇರುತ್ತದೆ. ಆಮೇಲೆ ಸುಪ್ರೀಂ ಕೋರ್ಟಿನ ಕೊಲಿಜಿಯಂ ನೋಡಿ ಶಿಫಾರಸು ಮಾಡುತ್ತದೆ, ಫೈಲು ಮತ್ತೆ ಸಚಿವಾಲಯಕ್ಕೆ, ಅಲ್ಲಿಂದ ಪ್ರಧಾನಿಗೆ, ಕೊನೆಗೆ ರಾಷ್ಟ್ರಪತಿಗೆ. ಸರ್ಕಾರಕ್ಕೆ ಹೆಸರು ಒಪ್ಪಿಗೆಯಾಗದಿದ್ದರೆ ಕಾರಣ ಬರೆದು ವಾಪಸ್ ಕಳಿಸಬಹುದು. ಕೊಲಿಜಿಯಂ ಅದೇ ಹೆಸರನ್ನು ಒಮ್ಮತದಿಂದ ಮತ್ತೆ ಕಳಿಸಿದರೆ ನೇಮಕ ಮಾಡಲೇಬೇಕು. 1993 ಮತ್ತು 1998ರ ತೀರ್ಪುಗಳಿಂದ ಬಂದ ಪದ್ಧತಿ ಇದು. ಆದರೆ ಎಷ್ಟು ದಿನದೊಳಗೆ ಎಂಬುದನ್ನು ಸಂವಿಧಾನ ಎಲ್ಲಿಯೂ ಹೇಳಿಲ್ಲ. ಬೇಡ ಎನ್ನಬೇಕಾಗಿಲ್ಲ, ಕಾರಣ ಕೊಡಬೇಕಾಗಿಲ್ಲ, ಫೈಲಿನ ಮೇಲೆ ಕೂತರೆ ಸಾಕು.

ಅಮೆರಿಕದಲ್ಲಿ ಈ ಜಗಳ ಬೀದಿಯಲ್ಲೇ ನಡೆಯುತ್ತದೆ. 2016ರ ಮಾರ್ಚ್ 16ರಂದು ಅಧ್ಯಕ್ಷ ಒಬಾಮ ಅಲ್ಲಿನ ಸುಪ್ರೀಂ ಕೋರ್ಟಿಗೆ ಮೆರಿಕ್ ಗಾರ್ಲೆಂಡ್ ಹೆಸರು ಸೂಚಿಸಿದರು. ಸೆನೆಟ್‌ನಲ್ಲಿ ಬಹುಮತವಿದ್ದ ರಿಪಬ್ಲಿಕನ್ ಪಕ್ಷದವರು, ಇದು ಚುನಾವಣಾ ವರ್ಷ ಎಂದು ಹೇಳಿ 293 ದಿನ ವಿಚಾರಣೆಯನ್ನೇ ನಡೆಸಲಿಲ್ಲ. 2020ರಲ್ಲಿ ತಮ್ಮದೇ ಅಧ್ಯಕ್ಷರು ಸೂಚಿಸಿದ ಏಮಿ ಬ್ಯಾರೆಟ್ ಅವರನ್ನು ಅದೇ ಪಕ್ಷ ಚುನಾವಣೆಗೆ ಎಂಟು ದಿನ ಇರುವಾಗ, ಒಂದೇ ತಿಂಗಳಲ್ಲಿ ಒಪ್ಪಿಬಿಟ್ಟಿತು. ನಾಚಿಕೆಗೇಡು, ಸರಿ. ಆದರೆ ತಡೆದವರು ಯಾರು, ಯಾವ ಪಕ್ಷ, ಏನು ನೆಪ ಹೇಳಿದರು ಎಂಬುದು ಅಲ್ಲಿನ ಹಳ್ಳಿಯ ವರದಿಗಾರನಿಗೂ ಗೊತ್ತಿತ್ತು. ಮಿಚ್ ಮೆಕಾನೆಲ್ ಎಂಬ ಹೆಸರು ಹಾಕಿ ಬರೆಯಬಹುದಿತ್ತು. ಇಲ್ಲಿ ಮತದಾನವಿಲ್ಲ, ಚರ್ಚೆಯಿಲ್ಲ. ಯಾವ ಮೇಜಿನ ಮೇಲೆ ಫೈಲು ಇದೆ ಅನ್ನುವುದೂ ಹೊರಗೆ ಬರುವುದಿಲ್ಲ. 'ಯಾರು' ಎಂಬ ಮೊದಲ ಪ್ರಶ್ನೆಗೇ ನಮ್ಮ ವರದಿ ನಿಂತುಬಿಡುತ್ತದೆ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. ವಕೀಲ ನಾಗೇಂದ್ರ ರಾಮಚಂದ್ರ ನಾಯ್ಕ ಅವರನ್ನು ಕರ್ನಾಟಕ ಹೈಕೋರ್ಟಿಗೆ ನೇಮಿಸಿ ಎಂದು ಕೊಲಿಜಿಯಂ ಹೇಳಿದ್ದು 2019ರ ಅಕ್ಟೋಬರ್ 3ರಂದು. 2021ರ ಮಾರ್ಚ್‌ನಲ್ಲಿ ಮತ್ತೆ ಹೇಳಿತು. ಅದೇ ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ. 2023ರ ಜನವರಿ 10ರಂದು ಮೂರನೇ ಬಾರಿ ಪುನರುಚ್ಚರಿಸಿತು. ಒಂದು ಸಲ ಪುನರುಚ್ಚರಿಸಿದರೆ ಸರ್ಕಾರ ಒಪ್ಪಲೇಬೇಕು ಎಂಬ ನಿಯಮ ಇರುವಲ್ಲಿ ಮೂರು ಸಲ. ಹಿರಿಯ ವಕೀಲ ಆದಿತ್ಯ ಸೋಂಧಿ ಅವರ ಹೆಸರು 2021ರ ಫೆಬ್ರವರಿಯಲ್ಲಿ ಹೋಯಿತು, ಸೆಪ್ಟೆಂಬರ್‌ನಲ್ಲಿ ಪುನರುಚ್ಚಾರವೂ ಆಯಿತು. 2022ರ ಫೆಬ್ರವರಿಯಲ್ಲಿ ಅವರೇ ತಮ್ಮ ಒಪ್ಪಿಗೆ ವಾಪಸ್ ಪಡೆದರು. ಜಿಲ್ಲಾ ನ್ಯಾಯಾಧೀಶರಾಗಿದ್ದ ಪಿ. ಕೃಷ್ಣ ಭಟ್ ಅವರ ಹೆಸರು ಹೋಗಿದ್ದು 2016ರಲ್ಲಿ. ಅವರ ಮೇಲಿನ ದೂರನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೇ ವಿಚಾರಿಸಿ ಆಧಾರವಿಲ್ಲ ಎಂದ ಮೇಲೂ ಫೈಲು ಮುಂದೆ ಹೋಗಲಿಲ್ಲ. ಸರ್ಕಾರ ಸುಪ್ರೀಂ ಕೋರ್ಟನ್ನು ಬಿಟ್ಟು ನೇರವಾಗಿ ಹೈಕೋರ್ಟಿಗೆ ಪತ್ರ ಬರೆಯಿತೆಂದು ನ್ಯಾಯಮೂರ್ತಿ ಚಲಮೇಶ್ವರ್ 2018ರ ಮಾರ್ಚ್‌ನಲ್ಲಿ ಸಹೋದ್ಯೋಗಿಗಳಿಗೆಲ್ಲ ಪತ್ರ ಬರೆದು ಆಕ್ಷೇಪಿಸಿದರು. ಕೃಷ್ಣ ಭಟ್ ಪ್ರಮಾಣವಚನ ತೆಗೆದುಕೊಂಡದ್ದು 2020ರಲ್ಲಿ. ಹೈಕೋರ್ಟಿನಲ್ಲಿ ನಿವೃತ್ತಿ ವಯಸ್ಸು 62 ಎಂಬುದನ್ನು ನೆನಪಿಡಿ. ನಾಲ್ಕು ವರ್ಷ ಕಾದವರಿಗೆ ಉಳಿಯುವುದು ಎಷ್ಟು?

ಇನ್ನೊಂದು ಉಪಾಯ ಇದೆ, ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಕೊಲಿಜಿಯಂ ಒಂದು ಪಟ್ಟಿ ಕಳಿಸಿದರೆ ಸರ್ಕಾರ ಅದನ್ನು ಒಡೆಯುತ್ತದೆ. ಅಂಗಳದಲ್ಲಿ ಅಡಿಕೆ ಆರಿಸಿದ ಹಾಗೆ: ಚಾಲಿ ಈ ಕಡೆ, ಕೋಕಾ, ಬಿಳೆಗೋಟು ಆ ಕಡೆ. ಬೇಕಾದವರ ಹೆಸರಿಗೆ ಕೂಡಲೇ ಅಧಿಸೂಚನೆ, ಉಳಿದವರದ್ದು ಮೂಟೆಯಲ್ಲೇ. ನ್ಯಾಯಮೂರ್ತಿಗಳ ಹಿರಿತನ ಲೆಕ್ಕವಾಗುವುದು ಪ್ರಮಾಣವಚನದ ದಿನದಿಂದ. ಆರು ತಿಂಗಳು ತಡವಾದರೆ ನಿಮ್ಮ ಹಿಂದಿನವರು ನಿಮ್ಮ ಮುಂದೆ. ಅಲ್ಲಿಗೆ ಮುಂದೆ ಮುಖ್ಯ ನ್ಯಾಯಮೂರ್ತಿ ಯಾರಾಗುತ್ತಾರೆ ಎಂಬುದೂ ಸದ್ದಿಲ್ಲದೆ ತೀರ್ಮಾನವಾಯಿತು.

ನಮ್ಮಲ್ಲೊಬ್ಬನಿಗೆ ಸಂಬಂಧದಲ್ಲಿ ದೊಡ್ಡಪ್ಪ ಆಗುವವರೊಬ್ಬರು ಸಿದ್ದಾಪುರದ ಕಡೆ ಇದ್ದಾರೆ. ತೋಟಕ್ಕೆ ನೀರು ಬರುವ ಕಾಲುವೆಯ ವ್ಯಾಜ್ಯ. ತಾಲೂಕು ಕೋರ್ಟಿನಲ್ಲಿ ಗೆದ್ದರು, ಮೇಲಿನ ಕೋರ್ಟಿನಲ್ಲಿ ಸೋತರು, ಧಾರವಾಡಕ್ಕೆ ಎರಡನೇ ಅಪೀಲು ಹಾಕಿದರು. ಒಮ್ಮೆ ಅವರ ಜೊತೆ ನಾವಿಬ್ಬರು ಹೋಗಿದ್ದೆವು. ವಕೀಲರು ಬರುವುದು ಬೇಡ, ನಾನೇ ಫೋನ್ ಮಾಡುತ್ತೇನೆ ಎಂದಿದ್ದರು. ಆದರೂ ಹೋಗದೇ ಇದ್ದರೆ ಕೇಸು ಕೈಬಿಟ್ಟಂತೆ ಎಂಬ ಭಾವನೆ ಅವರದು. ಕೈಚೀಲದಲ್ಲಿ ಕವಳದ ಸಂಚಿ, ಮಜ್ಜಿಗೆ ಬಾಟಲಿ, ಪ್ಲಾಸ್ಟಿಕ್ ಕವರಿನಲ್ಲಿ ಕೈಬರಹದ ಹಳೇ ನಕ್ಷೆ. ಆ ದಿನದ ಬೋರ್ಡಿನಲ್ಲಿ ಅವರ ನಂಬರು ಬಹಳ ಕೆಳಗಿತ್ತು. ಮಧ್ಯಾಹ್ನ ಊಟದ ನಂತರ ಕೂತೆವು, ಸಂಜೆಯಾಯಿತು, ನಂಬರು ಮುಟ್ಟಲಿಲ್ಲ. ಮುಂದಿನ ತಾರೀಖು ಆಮೇಲೆ ತಿಳಿಯುತ್ತದೆ ಅಂದರು. ವಾಪಸ್ ಬರುವಾಗ ಕಲಘಟಗಿ ದಾಟಿದ ಮೇಲೆ ದೊಡ್ಡಪ್ಪ ಬಾಯಿ ಬಿಟ್ಟರು: "ಆ ನ್ಯಾಯಾಧೀಶ್ರದ್ದೂ ತಪ್ಪಿಲ್ಲೆ ತಮಾ. ಒಬ್ಬವ ಎಷ್ಟು ನೋಡ್ತ? ನಾ ಇಪ್ಪದ್ರೊಳಗೆ ತೀರ್ಪು ಬಂದ್ರೆ ಸಾಕು."

ನಾಲ್ಕು ಜನ ಮಾಡಬೇಕಾದ ಕೆಲಸ ಒಬ್ಬರು ಮಾಡುತ್ತಿದ್ದಾರೆ ಎಂಬುದನ್ನು ಅವರು ಒಂದೇ ದಿನ ಕೂತು ಕಂಡುಕೊಂಡಿದ್ದರು. ಉಳಿದ ಮೂವರ ಹೆಸರು ದಿಲ್ಲಿಯಲ್ಲಿ ಎಲ್ಲಿ ನಿಂತಿದೆ ಎಂಬುದನ್ನು ಕಂಡುಕೊಳ್ಳಲು ಅವರಿಗೂ ಆಗದು, ನಮಗೂ ಆಗದು.

ಇದು ಇವತ್ತಿನ ಒಂದು ಪಕ್ಷದ ಚಾಳಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮದೇ ಭಾಷೆಯ ನೆಲದಲ್ಲಿ ಇದರ ಹಳೇ ಕಥೆ ಇದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ 1970ರಲ್ಲಿ ಹಾಕಿದ ಅರ್ಜಿಯ ತೀರ್ಪು 1973ರ ಏಪ್ರಿಲ್ 24ರಂದು ಬಂತು. 13 ನ್ಯಾಯಮೂರ್ತಿಗಳು, 7–6. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದಿತು. ಆ ಏಳು ಜನರಲ್ಲಿ ಕಾರ್ಕಳ ತಾಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆ ಒಬ್ಬರು. ಮರುದಿನವೇ ಇಂದಿರಾ ಗಾಂಧಿ ಸರ್ಕಾರ ಶೇಲತ್, ಹೆಗ್ಡೆ, ಗ್ರೋವರ್ ಮೂವರು ಹಿರಿಯರನ್ನು ಹಾರಿ ನಾಲ್ಕನೆಯವರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ನ್ಯಾಯಮೂರ್ತಿಯ ಸಾಮಾಜಿಕ ದೃಷ್ಟಿಕೋನ ನೋಡುವ ಹಕ್ಕು ಸರ್ಕಾರಕ್ಕಿದೆ ಎಂದು ಸಚಿವ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ ಸಮರ್ಥಿಸಿಕೊಂಡರು. ಮುಚ್ಚುಮರೆ ಇರಲಿಲ್ಲ ಅನ್ನುವುದಷ್ಟೇ ಅದರ ಗುಣ. ಹೆಗ್ಡೆಯವರು ಜಡ್ಜ್ ಆಗುವ ಮೊದಲು ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರಾಗಿದ್ದವರು ಅನ್ನುವುದನ್ನೂ ಹೇಳಬೇಕು. 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ರಾಜಕೀಯದಿಂದ ಬಂದವರು ಸರ್ಕಾರದ ಮಾತು ಕೇಳುತ್ತಾರೆ ಎಂಬ ಲೆಕ್ಕ ಯಾವಾಗಲೂ ಸರಿಬರುವುದಿಲ್ಲ.

ಈ ಕಥೆ ಓದುವಾಗ ನಮ್ಮ ಗುಂಪಿನೊಳಗೇ ಜಗಳ ಬಂತು. ನಮ್ಮಲ್ಲಿ ಗೇಣಿದಾರರ ಮನೆಯವರೂ ಇದ್ದೇವೆ, ಒಡೆಯರ ಮನೆಯವರೂ ಇದ್ದೇವೆ. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಮಾಡುವವರಿಗೆ ಭೂಮಿ ಸಿಕ್ಕಿತು. ಗೇಣಿದಾರರ ಮನೆಯ ಗೆಳತಿ ಕೇಳಿದ್ದು ಇಷ್ಟು: "ಆಗಿನ ಕೋರ್ಟುಗಳು ಭೂಸುಧಾರಣೆಗೆ ಅಡ್ಡ ನಿಂತಿದ್ದವು. ಅಂಥವರನ್ನು ಬದಿಗೆ ಸರಿಸಿದರೆ ನಮ್ಮ ಅಜ್ಜಿಗೆ ಏನು ನಷ್ಟ?" ಈ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ. ಅವಳದೇ ಮನೆಯ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಭೂ ನ್ಯಾಯಮಂಡಳಿಯ ಆದೇಶಕ್ಕೆ ಆಗ ಅಪೀಲು ಇರಲಿಲ್ಲ. ಎದುರು ಪಾರ್ಟಿಯೋ ಇವರೋ, ಸೋತವರಿಗೆ ಇದ್ದ ದಾರಿ ಹೈಕೋರ್ಟಿಗೆ ರಿಟ್ ಒಂದೇ. ಅಜ್ಜಿಯ ಎರಡು ಎಕರೆ ಉಳಿದದ್ದು ಬೆಂಗಳೂರಿನಲ್ಲಿ ಒಬ್ಬ ನ್ಯಾಯಮೂರ್ತಿ ಕಾಗದ ಓದಿದ್ದರಿಂದ. ಆ ರಾತ್ರಿಯ ಜಗಳ ತೀರ್ಮಾನವಾಗಲಿಲ್ಲ. ತೀರ್ಮಾನವಾಗಬೇಕೆಂದೂ ಇಲ್ಲ.

ಎರಡು ವರ್ಷದಲ್ಲಿ ತುರ್ತು ಪರಿಸ್ಥಿತಿ ಬಂತು. ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಎಸ್.ಎನ್. ಮಿಶ್ರ ಅವರ ಅರ್ಜಿಗಳು ಕರ್ನಾಟಕ ಹೈಕೋರ್ಟಿಗೆ ಬಂದವು. ಸಿದ್ದಾಪುರ ದೊಡ್ಮನೆಯ ರಾಮಕೃಷ್ಣ ಹೆಗಡೆ ಅವರೂ ಆಗ ಜೈಲಿನಲ್ಲಿದ್ದರು. 1976ರಲ್ಲಿ ದೇಶದ 16 ಹೈಕೋರ್ಟ್ ನ್ಯಾಯಮೂರ್ತಿಗಳ ವರ್ಗಾವಣೆ ಆಯಿತು. ಆ ಬಂಧನದ ಅರ್ಜಿಗಳನ್ನು ಕೇಳಿದ್ದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗುವಾಹಟಿಗೆ. ಆವತ್ತು ಜೈಲಿನಲ್ಲಿ ಕೂತು ಇದನ್ನು ಅನುಭವಿಸಿದವರ ಪಕ್ಷಗಳು ಮುಂದೆ ಅಧಿಕಾರಕ್ಕೆ ಬಂದವು. ಫೈಲು ನಿಲ್ಲಿಸುವ ವಿದ್ಯೆ ಅವರಿಗೂ ಬಂತು. 2014ರ ಆಗಸ್ಟ್‌ನಲ್ಲಿ ಕೊಲಿಜಿಯಂ ತೆಗೆದು ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗ ತರುವ ಮಸೂದೆಗೆ ಸಂಸತ್ತಿನಲ್ಲಿ ಹೆಚ್ಚುಕಡಿಮೆ ಎಲ್ಲ ಪಕ್ಷಗಳೂ ಒಂದಾಗಿ ಕೈ ಎತ್ತಿದವು. ಬೇರೆ ಯಾವ ವಿಷಯದಲ್ಲಿ ಹಾಗೆ ಒಂದಾದದ್ದು ನೆನಪಿದೆ ನಿಮಗೆ? 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟು 4–1ರಲ್ಲಿ ಅದನ್ನು ರದ್ದು ಮಾಡಿತು.

ಹಾಗಂತ ಕೊಲಿಜಿಯಂ ನಮ್ಮ ದೇವರಲ್ಲ. ಅದೂ ಬಾಗಿಲು ಹಾಕಿಕೊಂಡೇ ಕೂರುವುದು. 2017ರ ಸೆಪ್ಟೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಹಿರಿಯ ನ್ಯಾಯಮೂರ್ತಿ ಜಯಂತ್ ಪಟೇಲ್ ಅವರನ್ನು ಅಲಹಾಬಾದಿಗೆ ವರ್ಗ ಮಾಡಿದಾಗ, ಗುಜರಾತಿನಲ್ಲಿದ್ದಾಗ ಇಶ್ರತ್ ಜಹಾನ್ ಪ್ರಕರಣದಲ್ಲಿ ಸಿಬಿಐ ತನಿಖೆಗೆ ಆದೇಶಿಸಿದ್ದಕ್ಕೆ ಇದು ಎಂದು ವಕೀಲರು ಅಂದುಕೊಂಡರು. ಕೊಲಿಜಿಯಂ ಕಾರಣ ಹೇಳಲಿಲ್ಲ. ಪಟೇಲ್ ರಾಜೀನಾಮೆ ಕೊಟ್ಟರು, ರಾಜ್ಯದ ವಕೀಲರು ಕಲಾಪ ಬಹಿಷ್ಕರಿಸಿದರು. ಯಾರನ್ನು ಆರಿಸುತ್ತಾರೆ ಎಂಬುದೂ ನೋಡುವಂಥದ್ದು. ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕದಲ್ಲಿ 2018ರಿಂದ 2022ರ ಕೊನೆಯವರೆಗೆ ಹೈಕೋರ್ಟುಗಳಿಗೆ ನೇಮಕವಾದ 537 ಜನರಲ್ಲಿ ಶೇ. 79 ಸಾಮಾನ್ಯ ವರ್ಗದವರು, ಹಿಂದುಳಿದ ವರ್ಗದವರು ಶೇ. 11, ಪರಿಶಿಷ್ಟ ಜಾತಿಯವರು ಶೇ. 2.8, ಪರಿಶಿಷ್ಟ ಪಂಗಡದವರು ಶೇ. 1.3. ಯಲ್ಲಾಪುರದ ಸಿದ್ದಿ ಹುಡುಗಿಯೊಬ್ಬಳು ಕಾನೂನು ಓದಿ ಇಲ್ಲೇ ತಾಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡಿದರೆ ಅವಳ ಹೆಸರು ಆ ಮೂವರ ಕಿವಿಗೆ ಬೀಳುವ ದಾರಿ ಯಾವುದು? ಸರ್ಕಾರ ಈ ಅಂಕಿ ಇಟ್ಟುಕೊಂಡು ಕೊಲಿಜಿಯಂಗೆ ಬೈಯುತ್ತದೆ. ಬೈಗುಳ ಸರಿಯಾಗಿಯೇ ಇದೆ. ಆದರೆ ಬಂದ ಹೆಸರುಗಳನ್ನು ವರ್ಷಗಟ್ಟಲೆ ಇಟ್ಟುಕೊಂಡು ಕೂತರೆ ಆ ಹುಡುಗಿಗೆ ದಾರಿಯೇನೂ ಆಗುವುದಿಲ್ಲ.

ನಮ್ಮ ಜಿಲ್ಲೆಗೆ ಕೋರ್ಟು ಎಂದರೆ ಏನು ಎಂಬುದು 2019ರ ಫೆಬ್ರವರಿಯಲ್ಲಿ ಗೊತ್ತಾಯಿತು. ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಿ ಎಂದು ಸುಪ್ರೀಂ ಕೋರ್ಟು 13ರಂದು ಆದೇಶಿಸಿತು. 28ರಂದು ಅದೇ ಆದೇಶಕ್ಕೆ ತಡೆ ಕೊಟ್ಟಿತು. ಆ ಹದಿನೈದು ದಿನ ಅತಿಕ್ರಮಣದಾರರು ಎನಿಸಿಕೊಂಡ ಕುಟುಂಬಗಳು ಹೇಗೆ ಕಳೆದವು ಎಂಬುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಹಳ್ಳಿಯಲ್ಲಿ ಬೇಕಾದರೂ ಕೇಳಿ. ಪೀಠದಲ್ಲಿ ಯಾರು ಕೂರುತ್ತಾರೆ, ಎಷ್ಟು ಜನ ಕೂರುತ್ತಾರೆ ಎಂಬುದು ಬೆಂಗಳೂರಿನವರ ಹರಟೆಯ ವಿಷಯ ಎಂದುಕೊಂಡವರು ಇಲ್ಲಿ ಬಂದು ನೋಡಬೇಕು.

ಕಳೆದ ಲೋಕಸಭಾ ಚುನಾವಣೆಗೆ ಮೊದಲು ಬೇರೆ ಬೇರೆ ಪಕ್ಷದವರು ಕರೆದ ಪತ್ರಿಕಾಗೋಷ್ಠಿಗಳಲ್ಲಿ ಇದೇ ಪ್ರಶ್ನೆ ಇಟ್ಟೆವು: ಹೈಕೋರ್ಟಿನ ಖಾಲಿ ಹುದ್ದೆ ಬಗ್ಗೆ ದಿಲ್ಲಿಯಲ್ಲಿ ಏನು ಕೇಳುತ್ತೀರಿ? ಒಬ್ಬರು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಇನ್ನೊಬ್ಬರು ನ್ಯಾಯಾಂಗದ ಮೇಲೆ ತಮಗೆ ಅಪಾರ ಗೌರವ ಎಂದು ಎದ್ದು ಚಹಾ ಕುಡಿಯಲು ಕರೆದರು. ಆಸ್ಪತ್ರೆ ನಮಗೂ ಬೇಕು. ಆದರೆ ನ್ಯಾಯಮೂರ್ತಿ ನೇಮಕ ತಡೆದಿದ್ದಕ್ಕೆ ಯಾರೂ ವೋಟು ಕಳೆದುಕೊಂಡಿಲ್ಲ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ.

ಸಮಯಕ್ಕೆ ಗಡಿ ಹಾಕುವ ಪ್ರಯತ್ನ ಒಂದು ನಡೆಯಿತು. 2021ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟು ಹೇಳಿತು: ಗುಪ್ತಚರ ವರದಿಗೆ 4ರಿಂದ 6 ವಾರ, ಸರ್ಕಾರ ಹೆಸರನ್ನು ಕೊಲಿಜಿಯಂಗೆ ಕಳಿಸಲು 8ರಿಂದ 12 ವಾರ, ಪುನರುಚ್ಚರಿಸಿದ ಹೆಸರಾದರೆ 3ರಿಂದ 4 ವಾರದಲ್ಲಿ ನೇಮಕ. ಇದನ್ನು ಪಾಲಿಸಲಿಲ್ಲ ಎಂದು ಬೆಂಗಳೂರು ವಕೀಲರ ಸಂಘವೇ ಅದೇ ವರ್ಷ ನ್ಯಾಯಾಂಗ ನಿಂದನೆ ಅರ್ಜಿ ಹಾಕಿತು. ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರ ಪೀಠ 2022ರ ಕೊನೆಯಿಂದ ಅದನ್ನು ಪದೇ ಪದೇ ಕೇಳಿತು. ಕೇಳಿದಾಗಲೆಲ್ಲ ದಿಲ್ಲಿಯಲ್ಲಿ ಒಂದಿಷ್ಟು ಫೈಲು ಅಲುಗಾಡಿತು. 2023ರ ಡಿಸೆಂಬರ್ 5ರಂದು ಬರಬೇಕಿದ್ದ ಆ ಪ್ರಕರಣ ಅಂದಿನ ಪಟ್ಟಿಯಲ್ಲೇ ಇರಲಿಲ್ಲ. ವಕೀಲರು ಎದ್ದು ಕೇಳಿದಾಗ, ತೆಗೆದದ್ದು ತಾನಲ್ಲ ಎಂದರು ಕೌಲ್. ಆ ತಿಂಗಳ ಕೊನೆಯಲ್ಲಿ ಅವರು ನಿವೃತ್ತರಾದರು.

ತಡವಾದದ್ದಕ್ಕೆ ಹಾಕಿದ ಕೇಸೂ ಬೋರ್ಡಿನಿಂದ ಇಳಿಯಿತು ಎಂದು ಹೇಳಿದಾಗ ದೊಡ್ಡಪ್ಪ ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾವು ಮೊದಲು ನೋಡಿರಲಿಲ್ಲ.

ಡೆಸ್ಕಿನವರ ಪ್ರಶ್ನೆಗೆ ನಮ್ಮಲ್ಲಿ ಈಗ ಒಂದು ಉತ್ತರ ಇದೆ, ದೊಡ್ಡದೇನಲ್ಲ. ಇನ್ನು ಮೇಲೆ ಪ್ರತಿ ತಿಂಗಳ ಮೊದಲ ವಾರ ಇಲ್ಲಿ ಒಂದು ಪಟ್ಟಿ ಹಾಕುತ್ತೇವೆ: ಕರ್ನಾಟಕ ಹೈಕೋರ್ಟಿಗೆ ಶಿಫಾರಸಾಗಿ ನೇಮಕವಾಗದ ಹೆಸರು, ಶಿಫಾರಸಿನ ತಾರೀಖು, ಅಂದಿನಿಂದ ಕಳೆದ ದಿನ. ಕೊಲಿಜಿಯಂ ನಿರ್ಣಯಗಳು ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಇವೆ, ಕ್ಯಾಲೆಂಡರು ಗೋಡೆಯ ಮೇಲಿದೆ. ಅದರ ಪಕ್ಕದಲ್ಲಿ ಇನ್ನೊಂದು ಸಾಲು: ನಮ್ಮ ಮೂರು ತಾಲೂಕಿನಿಂದ ಧಾರವಾಡಕ್ಕೆ ಹೋಗಿ ವಿಚಾರಣೆ ಆಗದೆ ವಾಪಸ್ ಬಂದವರು ಎಷ್ಟು ಸಲ ಹೋದರು, ಬಸ್ ಚಾರ್ಜಿಗೆ ಎಷ್ಟಾಯಿತು. ಹೆಸರು ಹಾಕುವುದಿಲ್ಲ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಅಂಥವರಿದ್ದರೆ ಟಿಕೆಟ್ ಎಸೆಯದೆ ಇಟ್ಟುಕೊಳ್ಳಲು ಹೇಳಿ. ದೊಡ್ಡಪ್ಪನ ಹತ್ತಿರ ಈಗಾಗಲೇ ಹದಿಮೂರು ಇವೆ, ನಕ್ಷೆಯ ಜೊತೆ ಅದೇ ಪ್ಲಾಸ್ಟಿಕ್ ಕವರಿನಲ್ಲಿ.